ಬಿರುಕನ್ನು ಅಳೆದವನು ನಾನು

ನಾನು ಒಂದು ಅಳತೆ ಟೇಪು. ಈಗಿನ ಅಂಗಡಿಗಳಲ್ಲಿ ಸಿಗುವ, ಗುಂಡಿ ಒತ್ತಿದರೆ ಸರಕ್ಕನೆ ಒಳಗೆ ಓಡುವ ಉಕ್ಕಿನ ಟೇಪಲ್ಲ. ನನ್ನ ಮೈ ಬಟ್ಟೆಯದು. ಹಿಗ್ಗದಿರಲಿ ಎಂದು ನೂಲಿನ ಜೊತೆ ಸಣ್ಣ ಹಿತ್ತಾಳೆ ತಂತಿ ಸೇರಿಸಿ ನನ್ನನ್ನು ನೇಯ್ದರು. ದುಂಡನೆಯ ಚರ್ಮದ ಡಬ್ಬಿ ನನ್ನ ಮನೆ. ಪಕ್ಕದಲ್ಲಿ ಒಂದು ಪುಟ್ಟ ಹಿಡಿ ಇದೆ, ಅದನ್ನು ತಿರುಗಿಸಿದರೆ ಸುತ್ತಿಕೊಂಡು ಒಳಗೆ ಹೋಗುತ್ತೇನೆ. ತುದಿಯಲ್ಲಿ ಹಿತ್ತಾಳೆಯ ಉಂಗುರ. ಉದ್ದ ನೂರು ಅಡಿ.

ದೇಶ ಎರಡಾಗಿ ಹತ್ತು ವರ್ಷ ಕಳೆದಿತ್ತು. ಪಂಜಾಬಿನ ಜಲಂಧರ್ ಪಟ್ಟಣದಲ್ಲಿ ಸುತ್ತಿಗೆ, ರಸಮಟ್ಟ, ತೂಗುಗುಂಡು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನನ್ನ ಮೇಲೆ ಅಂಕಿ ಒತ್ತಿದವನು ಮಾತು ಕಡಿಮೆಯ ಮುದುಕ. ನೆಲದಲ್ಲಿ ಹೂತಿದ್ದ ಹಿತ್ತಾಳೆಯ ಪಟ್ಟಿಯ ಮೇಲೆ ನನ್ನನ್ನು ಎಳೆದು ಮಲಗಿಸಿ, ಕಣ್ಣು ಕಿರಿದು ಮಾಡಿ ನೋಡಿದ. ನನ್ನ ಜೊತೆಯಲ್ಲೇ ನೇಯ್ದ ಎರಡು ಟೇಪುಗಳು ಕಾಲು ಇಂಚು ಹೆಚ್ಚಿಗೆ ಬಂದಿದ್ದವು. ಅವನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ನಾನು ಹುಟ್ಟಿದ ದಿನ ಕೇಳಿದ ಮೊದಲ ಸದ್ದು ಆ ಕತ್ತರಿಯದು.

ನನ್ನನ್ನು ಮೊದಲು ಕೈಯಲ್ಲಿ ಹಿಡಿದವರು ಮುಲ್ಖರಾಜ್ ಭಸೀನ್. ಅವರು ಸರ್ಕಾರದ ಓವರ್‌ಸಿಯರ್. ಗಡಿಯ ಆಚೆಯ ಸಿಯಾಲ್ಕೋಟದಿಂದ ಒಂದು ಟ್ರಂಕು ಹಿಡಿದು ಬಂದವರು. ಅವರ ಕೆಲಸ ಹಳೆಯ ಕಟ್ಟಡಗಳನ್ನು ಅಳೆಯುವುದು. ಅಳೆದದ್ದು ಉಳಿಸುವುದಕ್ಕಲ್ಲ. ಎಷ್ಟು ಇಟ್ಟಿಗೆ ಸಿಗುತ್ತದೆ, ಎಷ್ಟು ಕಲ್ಲು ಸಿಗುತ್ತದೆ, ಕೆಡವಿದರೆ ರಸ್ತೆಗೆ ಎಷ್ಟು ಜಾಗ ಬರುತ್ತದೆ, ಅದಕ್ಕೆ.

ನಾನು ಅಳೆದ ಮೊದಲ ಕಟ್ಟಡ ಒಂದು ಸರಾಯಿ, ಹಿಂದಿನ ಕಾಲದಲ್ಲಿ ಪ್ರಯಾಣಿಕರು ಒಂಟೆ ಕುದುರೆ ಕಟ್ಟಿ ತಂಗುತ್ತಿದ್ದ ಛತ್ರ. ಅದರ ನೂರು ಅಡಿಯ ಅಂಗಳಕ್ಕೆ ನಾನು ಸರಿಯಾಗಿ ಹೊಂದಿದೆ, ನನಗೆಂದೇ ಕಟ್ಟಿದ ಹಾಗೆ. ಬಹಳ ಹೆಮ್ಮೆಯಾಯಿತು. ಎರಡು ತಿಂಗಳ ಮೇಲೆ ಅದೇ ದಾರಿಯಲ್ಲಿ ಜೀಪಿನಲ್ಲಿ ಹೋಗುವಾಗ ಅಲ್ಲಿ ಸರಾಯಿ ಇರಲಿಲ್ಲ. ಜಲ್ಲಿಯ ಗುಡ್ಡೆಗಳಿದ್ದವು.

ಆಮೇಲೆ ನೀಲಿ ಹೆಂಚಿನ ಒಂದು ಗೋರಿ. ಆಮೇಲೆ ಮೆಟ್ಟಿಲು ಬಾವಿ. ಆಮೇಲೆ ನಮಾಜು ಮಾಡುವವರು ಯಾರೂ ಉಳಿಯದೆ ಮೇವು ತುಂಬಿಟ್ಟಿದ್ದ ಒಂದು ಮಸೀದಿ. ಮುಲ್ಖರಾಜ್ ಅಳೆದು ಕಾಗದ ಕಳಿಸುತ್ತಿದ್ದರು. ಕಾಗದ ಹೋದ ಕೆಲವೇ ದಿನಗಳಲ್ಲಿ ಗುದ್ದಲಿಗಳು ಬರುತ್ತಿದ್ದವು. ಆ ಮಸೀದಿಯಲ್ಲಿ ಮಾತ್ರ ಅವರು ಅಳತೆ ಮುಗಿದ ಮೇಲೂ ಮೇವಿನ ಹೊರೆಯ ಮೇಲೆ ಕೂತೇ ಇದ್ದರು. ಗೋಡೆಯ ಮೇಲೆ ಯಾರೋ ಮಗು ಇದ್ದಿಲಿನಲ್ಲಿ ಗೀಚಿದ ಗಾಳಿಪಟ ಇತ್ತು. ಅದನ್ನೇ ನೋಡುತ್ತಾ, "ನಮ್ಮ ಬೀದಿಯ ದೇವಸ್ಥಾನವನ್ನ ಆ ಕಡೆ ಯಾರು ಅಳೀತಿದಾರೋ," ಎಂದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಕೇಳಿಸಿಕೊಂಡವನು ನಾನೊಬ್ಬನೇ.

ಇಪ್ಪತ್ತು ವರ್ಷ ಅವರ ಕೋಟಿನ ಜೇಬಿನಲ್ಲಿದ್ದೆ. ನಿವೃತ್ತಿಯ ವಾರ ಅವರು ನನ್ನನ್ನು ಒಬ್ಬ ಸ್ನೇಹಿತರ ಕೈಗೆ ಹಾಕಿದರು. ಅವರ ಹೆಸರು ಅಜಾಯಬ್ ಸಿಂಗ್, ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟರು.

"ತಗೊಳ್ಳಿ ಮಾಸ್ಟರ್‌ಜಿ. ಆದರೆ ಒಂದು ಮಾತು. ಇದರ ಕೈಗುಣ ಚೆನ್ನಾಗಿಲ್ಲ. ಇದು ಅಳೆದದ್ದು ಯಾವುದೂ ನಿಂತಿಲ್ಲ."

ಮಾಸ್ಟರು ನಕ್ಕರು. "ಕೈಗುಣ ಟೇಪಿನದಲ್ಲ ಭಸೀನ್ ಸಾಹೇಬರೇ, ಇಲಾಖೆಯದು. ನಾನು ಕೆಡವೋದಕ್ಕೆ ಅಳೆಯಲ್ಲ. ಬರೆದಿಡೋದಕ್ಕೆ ಅಳೀತೀನಿ."

ಮುಲ್ಖರಾಜ್ ನಗಲಿಲ್ಲ.

ಅಜಾಯಬ್ ಸಿಂಗರಿಗೆ ಆಗ ಐವತ್ತರ ಹತ್ತಿರ. ತೆಳ್ಳನೆಯ ಮೈ, ತಲೆಗೆ ತಿಳಿನೀಲಿ ಪಾಗು, ಬೆರಳುಗಳಲ್ಲಿ ಸದಾ ಪೆನ್ಸಿಲ್ಲಿನ ಮಸಿ. ಅವರಿಗೊಂದು ಹುಚ್ಚಿತ್ತು. ಪಂಜಾಬಿನ ಹಳ್ಳಿಗಳಲ್ಲಿ ಯಾರೂ ಕೇಳದೆ ಬಿದ್ದಿರುವ ಸಣ್ಣ ಕೋಟೆಗಳು, ಸಮಾಧಿಗಳು, ಗೋರಿಗಳು, ಬಾವಿಗಳನ್ನು ಹುಡುಕಿ, ಅಳೆದು, ನಕ್ಷೆ ಬರೆದಿಡುವುದು. ಪ್ರತಿ ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುತ್ತಿದ್ದರು. ಹಿಂದಿನ ಕ್ಯಾರಿಯರ್ ಮೇಲೆ ಅವರ ಹೆಂಡತಿ ದಲೀಪ್ ಕೌರ್. ಅವರಿಗೆ ಮಕ್ಕಳಿರಲಿಲ್ಲ.

ದಲೀಪ್ ಕೌರ್ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಬರುತ್ತಿರಲಿಲ್ಲ. ಆದರೆ ಅಂಕಿ ಬರುತ್ತಿತ್ತು, ಅದನ್ನು ಕಲಿತದ್ದು ನನ್ನಿಂದ. ಮಾಸ್ಟರು ಉಂಗುರ ಹಿಡಿದು ಕತ್ತಲೆಯ ಕೋಣೆಗಳೊಳಗೆ ಹೋಗುತ್ತಿದ್ದರು. ಅವಳು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದಳು, "ಹದಿನೇಳು ಅಡಿ, ಒಂಬತ್ತು ಇಂಚು." ಒಳಗಿನಿಂದ ದನಿ ಕೇಳಿಸದಷ್ಟು ದೂರವಾದರೆ ಅವರಿಬ್ಬರದು ಒಂದು ಗುರುತಿತ್ತು. ಒಂದು ಸಲ ಜಗ್ಗಿದರೆ ಬಿಗಿ ಮಾಡು ಎಂದು. ಎರಡು ಸಲ ಜಗ್ಗಿದರೆ ಓದು ಎಂದು.

ಎಂಥೆಂಥ ಜಾಗಗಳನ್ನು ನೋಡಿದೆ ನಾನು! ಗೋಡೆಯ ಮೇಲೆ ಗಿಡುಗ ಹಿಡಿದ ಸವಾರರು, ಕೈಗನ್ನಡಿ ಹಿಡಿದು ತಲೆ ಬಾಚಿಕೊಳ್ಳುವ ಹೆಂಗಸರು, ಕುಸ್ತಿಯಾಡುವ ಜಟ್ಟಿಗಳು, ಸಾಲುಸಾಲು ಗಿಳಿಗಳು. ಬಣ್ಣ ಇನ್ನೂ ಹಸಿಯಾಗಿಯೇ ಇದೆಯೇನೋ ಎನ್ನಿಸುತ್ತಿತ್ತು. ಒಂದು ಕಡೆ ಸಾಧುವಿನ ಗದ್ದುಗೆಯನ್ನೂ ಫಕೀರನ ಗೋರಿಯನ್ನೂ ಒಂದೇ ಗುಮ್ಮಟದಡಿ ಕಟ್ಟಿದ್ದರು. ಎರಡಕ್ಕೂ ದೀಪ ಹಚ್ಚುವವರಿಲ್ಲದೆ ಬಾವಲಿಗಳು ತೂಗುತ್ತಿದ್ದವು. ಊರಿನ ಗಂಡಸರು ನಮ್ಮನ್ನು ಒಳಗೆ ಬಿಡದ ಕಡೆ ದಲೀಪ್ ಕೌರ್ ಮನೆಯ ಹೆಂಗಸರ ಜೊತೆ ಸಾಸಿವೆ ಸೊಪ್ಪು ಸೋಸುತ್ತಾ ಕೂರುತ್ತಿದ್ದಳು. ಅರ್ಧ ಗಂಟೆಯಲ್ಲಿ ಬೀಗದ ಕೈ ಬರುತ್ತಿತ್ತು.

ಆದರೂ ಮುಲ್ಖರಾಜರ ಮಾತು ಹಿಂದೆಯೇ ಬರುತ್ತಿತ್ತು. ವರ್ಷ ಬಿಟ್ಟು ಅದೇ ಜಾಗಕ್ಕೆ ಹೋದರೆ ಗುಮ್ಮಟವಿರುತ್ತಿರಲಿಲ್ಲ. ಇಲ್ಲವೇ ಗಿಳಿಗಳ ಮೇಲೆ ಗುಲಾಬಿ ಬಣ್ಣ ಬಳಿದಿರುತ್ತಿದ್ದರು. ಮಾಸ್ಟರು ತಮ್ಮ ಪುಸ್ತಕದಲ್ಲಿ ಆ ನಕ್ಷೆಯ ಕೆಳಗೆ ಒಂದು ಸಣ್ಣ ಅಡ್ಡಗೆರೆ ಎಳೆಯುತ್ತಿದ್ದರು. "ಇಲ್ಲಿದೆಯಲ್ಲ, ಕಾಗದದ ಮೇಲೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

"ಕಾಗದದ ಗುಮ್ಮಟದ ಕೆಳಗೆ ಯಾರು ಮಳೆಗೆ ನಿಲ್ತಾರೆ ಸರ್ದಾರ್‌ಜಿ?" ಎನ್ನುತ್ತಿದ್ದಳು ದಲೀಪ್ ಕೌರ್.

ಹೀಗಿರುವಾಗ ನಾವು ಕೋಟ್ ಬುಧೇರಾಕ್ಕೆ ಹೋದೆವು.

ಅದು ಬಿಯಾಸ್ ನದಿಯ ತಗ್ಗಿನಲ್ಲಿ, ಮಣ್ಣಿನ ದಿಬ್ಬದ ಮೇಲೆ ಸಣ್ಣ ತೆಳು ಇಟ್ಟಿಗೆಯಲ್ಲಿ ಕಟ್ಟಿದ ಕೋಟೆ. ಇನ್ನೂರು ವರ್ಷ ಹಳೆಯದು. ನಾಲ್ಕು ಬುರುಜುಗಳಲ್ಲಿ ಮೂರು ಬಿದ್ದುಹೋಗಿದ್ದವು. ಪಶ್ಚಿಮದ್ದು ಒಂದೇ ನಿಂತಿತ್ತು. ಅದರ ಬುಡದಲ್ಲಿ ಒಂದು ಉದ್ದನೆಯ ಕಿರುದಾರಿ, ದಾರಿಯ ಕೊನೆಯಲ್ಲಿ ಕಮಾನಿನ ಪುಟ್ಟ ಕೋಣೆ. ಕೋಟೆ ಕಾಯುತ್ತಾ ಸತ್ತ ಯಾರೋ ಒಬ್ಬ ಸಿಪಾಯಿಯ ಸಮಾಧಿ ಅಲ್ಲಿದೆ. ಅವನ ಹೆಸರು ಊರಿಗೇ ಮರೆತುಹೋಗಿತ್ತು. ಬಾಬಾ ಶಹೀದ ಎಂದಷ್ಟೇ ಕರೆಯುತ್ತಿದ್ದರು. ಅರವತ್ತು ವರ್ಷದಿಂದ ಅಲ್ಲಿ ದೀಪ ಹಚ್ಚುತ್ತಿದ್ದವಳು ಬಚನೋ ಎಂಬ ಮುದುಕಿ. ಕೋಟೆಯ ಹೆಬ್ಬಾಗಿಲಿನ ಕೋಣೆಯಲ್ಲಿ ಒಂದು ಎಮ್ಮೆಯ ಜೊತೆ ಅವಳ ವಾಸ. ಊರಿನವರಿಗೆಲ್ಲ ಅವಳು ಬೇಬೇ, ಅಂದರೆ ಅಜ್ಜಿ.

ಅಂಗಳಕ್ಕೆ ಮುಖ ಮಾಡಿದ ಬುರುಜಿನ ಗೋಡೆಯಲ್ಲಿ ಒಂದು ಬಿರುಕಿತ್ತು. ಮಾಸ್ಟರು ನನ್ನ ಉಂಗುರದ ಪಕ್ಕದ ಮೊದಲ ಇಂಚನ್ನು ಅದರ ಬಾಯಿಗೆ ಅಡ್ಡ ಹಿಡಿದರು. ಅರ್ಧ ಇಂಚು. ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಬಟ್ಟೆಗೆ ಒಳಗಿನ ಗಾಳಿ ತಾಗಿತು. ತಣ್ಣಗಿತ್ತು, ಹಸಿಮಣ್ಣಿನ ವಾಸನೆ ಇತ್ತು. ನನಗೆ ಆ ಗಾಳಿ ಹಿಡಿಸಲಿಲ್ಲ.

ಚಳಿಗಾಲ ಕಳೆದು ಮತ್ತೆ ಹೋದಾಗ ಮುಕ್ಕಾಲು ಇಂಚಾಗಿತ್ತು. ಮಾಸ್ಟರು ಕೋಟೆಯನ್ನು ಹೊರಗಿನಿಂದ ಸುತ್ತು ಹಾಕಿದರು. ಪಶ್ಚಿಮದ ಕಡೆ ದಿಬ್ಬವನ್ನು ಯಾರೋ ಅಗೆದು ಮಣ್ಣು ಒಯ್ಯುತ್ತಿದ್ದರು. ಹಳೆಯ ಕೋಟೆಯ ಮಣ್ಣು ಹೊಲಕ್ಕೆ ಗೊಬ್ಬರದ ಹಾಗೆ. ಬುರುಜಿನ ಬುಡ ಹಲ್ಲಿನ ಬೇರಿನಂತೆ ಹೊರಗೆ ಕಾಣುತ್ತಿತ್ತು.

ಅಗೆಸುತ್ತಿದ್ದವನು ಊರಿನ ಸರಪಂಚ ಜಗೀರ್ ಸಿಂಗ್. ಕೆಟ್ಟವನಲ್ಲ. ದೊಡ್ಡ ದನಿ, ಬಂದವರಿಗೆ ಲೋಟದ ತುಂಬ ಹಾಲು ಕೊಡುವ ಕೈ. ಮಾಸ್ಟರು ಬಿರುಕಿನ ವಿಷಯ ಎತ್ತಿದಾಗ ಅವನು ಮಂಚದ ಮೇಲೆ ಅವರನ್ನು ಕೂರಿಸಿಕೊಂಡು ಹೇಳಿದ:

"ಮಾಸ್ಟರ್‌ಜಿ, ನಮ್ಮ ಮುತ್ತಜ್ಜ ಹುಟ್ಟೋಕೆ ಮುಂಚೆ ನಿಂತ ಗೋಡೆ ಅದು. ನೀವು ಈಗ ಅಪಾಯ ಅಂತ ಎಲ್ಲಾದರೂ ಬರೆದರೆ ಏನಾಗತ್ತೆ? ಆಫೀಸಿನವರು ಬಂದು ಬೀಗ ಹಾಕ್ತಾರೆ. ಬೇಬೇನ ಹೊರಗೆ ಹಾಕ್ತಾರೆ. ನಿಮ್ಮನ್ನೂ ಒಳಗೆ ಬಿಡಲ್ಲ. ಸುಗ್ಗಿ ಮುಗೀಲಿ, ನಾನೇ ರಿಪೇರಿ ಮಾಡಿಸ್ತೀನಿ. ನೀವು ಬರೆದ ನಕ್ಷೆಗೆ ಚೌಕಟ್ಟು ಹಾಕಿಸಿ ಬಾಬಾನ ಬಾಗಿಲಲ್ಲೇ ತೂಗುಹಾಕೋಣ."

ಮಾಸ್ಟರ ಮುಖದಲ್ಲಿ ಒಂದು ಆಸೆ ಮೂಡಿದ್ದನ್ನು ನಾನು ಕಂಡೆ. ಮೂರು ದಪ್ಪ ಪುಸ್ತಕ ತುಂಬ ಬರೆದಿದ್ದರೂ ಅವರ ನಕ್ಷೆಯನ್ನು ಯಾರೂ ಒಂದು ಮೊಳೆಗೆ ತೂಗುಹಾಕಿರಲಿಲ್ಲ. ಅವರು ಹಾಲು ಕುಡಿದು ಎದ್ದು ಬಂದರು.

ಮರುವರ್ಷದ ಮಳೆಗಾಲ ಜೋರಾಗಿತ್ತು. ನದಿ ದಿಬ್ಬದ ಬುಡಕ್ಕೆ ಬಂದು ಹೋಯಿತು. ಮಳೆ ಬಿಟ್ಟ ಭಾನುವಾರ ನಾವು ಹೋದಾಗ ಬಿರುಕು ಒಂದೂಕಾಲು ಇಂಚು. ದಲೀಪ್ ಕೌರ್ ಎರಡು ಸಲ ಓದಿದಳು. ಮಾಸ್ಟರು ನನ್ನನ್ನು ಕೈಯಲ್ಲಿ ಹಿಡಿದು ಉಜ್ಜಿದರು.

"ಬಟ್ಟೆ ಟೇಪು, ಹಳೇದಾಯ್ತು. ದಾರಿಯಲ್ಲಿ ನೆಂದಿದೆ ಬೇರೆ. ಅಳತೆ ತಪ್ಪು ತೋರಿಸ್ತಿದೆ."

ಜೀವಮಾನದಲ್ಲಿ ನನ್ನನ್ನು ಸುಳ್ಳುಗಾರ ಎಂದು ಕರೆದದ್ದು ಅದೊಂದೇ ಸಲ. ಅದೂ ನಾನು ಬಹಳ ಪ್ರೀತಿಸಿದ ಮನುಷ್ಯ.

ದಲೀಪ್ ಕೌರ್ ಗಂಡನ ಮುಖವನ್ನೇ ನೋಡಿದಳು. "ನೂರು ಅಡಿಗೆ ಒಂದು ಇಂಚು ತಪ್ಪೋ ಟೇಪು ಒಂದು ಇಂಚಿನಲ್ಲಿ ಎಷ್ಟು ತಪ್ಪತ್ತೆ? ನಾನು ಓದಿದವಳಲ್ಲ, ನೀವೇ ಹೇಳಿ."

ಮಾಸ್ಟರು ಆ ಅಳತೆಯನ್ನು ಪುಸ್ತಕದಲ್ಲಿ ಬರೆಯಲಿಲ್ಲ. ನನ್ನನ್ನು ಸುತ್ತಿ ಡಬ್ಬಿಗೆ ಹಾಕಿದರು.

ಭಾದ್ರಪದ ಕಳೆದು ಬರುವ ಸಂಕ್ರಮಣದ ದಿನ ಕೋಟ್ ಬುಧೇರಾದಲ್ಲಿ ಬಾಬಾ ಶಹೀದನ ನೆನಪಿಗೆ ಊಟ. ಅಲ್ಲಿ ಅದಕ್ಕೆ ಲಂಗರ್ ಎನ್ನುತ್ತಾರೆ. ಬಡವ ಬಲ್ಲಿದ ಎನ್ನದೆ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಅಕ್ಕಪಕ್ಕದ ಹಳ್ಳಿಗಳಿಂದ ನಾನ್ನೂರು ಜನ ಬರುತ್ತಾರೆ. ಸಾಲು ಹಾಕುವ ಜಾಗ ಅಂಗಳ, ಬುರುಜಿನ ನೆರಳಿನಲ್ಲಿ, ಬಿರುಕಿನ ಕೆಳಗೆ.

ದಲೀಪ್ ಕೌರ್ ಹಿಟ್ಟು ನಾದಲು ಬೆಳಕು ಹರಿಯುವಾಗಲೇ ಹೋದಳು. ಹೋಗುವಾಗ ಗಂಡನ ಚೀಲದಿಂದ ನನ್ನನ್ನು ತೆಗೆದುಕೊಂಡಳು. ಅಂಗಳದಲ್ಲಿ ಯಾರೂ ಇಲ್ಲದಾಗ ಬಿರುಕಿಗೆ ನನ್ನನ್ನು ಹಿಡಿದಳು. ಎರಡೂಕಾಲು ಇಂಚು. ಒಳಗಿನಿಂದ ಸಣ್ಣಗೆ ಮಣ್ಣು ಸುರಿಯುತ್ತಿತ್ತು, ಮರಳು ಗಡಿಯಾರದ ಹಾಗೆ, ನಿಲ್ಲದೆ. ಅವಳು ಅಂಗೈ ಒಡ್ಡಿ ಸ್ವಲ್ಪ ಹೊತ್ತು ನೋಡಿದಳು. ಅಂಗೈ ತುಂಬಿತು.

ಅವಳು ಸರಪಂಚನ ಹತ್ತಿರ ಹೋಗಲಿಲ್ಲ. ಗಂಡನ ಹತ್ತಿರವೂ ಹೋಗಲಿಲ್ಲ. ನೇರ ಅಡುಗೆಯ ಹೆಂಗಸರ ಹತ್ತಿರ ಹೋದಳು. ಅಂಗೈಯ ಮಣ್ಣು ತೋರಿಸಿದಳು.

"ಅಕ್ಕಂದಿರೇ, ಆ ಗೋಡೆ ಬೀಳತ್ತೆ. ಇವತ್ತೋ ನಾಳೆಯೋ ನನಗೆ ಗೊತ್ತಿಲ್ಲ. ಬೀಳೋದಂತೂ ಬೀಳತ್ತೆ. ಊಟ ಹೊರಗೆ ಹಾಕೋಣ. ಅನ್ನ ಎಲ್ಲಿರತ್ತೋ ಜನ ಅಲ್ಲಿ ಬರ್ತಾರೆ."

ಒಬ್ಬಿಬ್ಬರು ನಕ್ಕರು. ಒಬ್ಬಳು ಬಾಬಾನ ಅವಕೃಪೆ ಆಗುತ್ತದೆ ಎಂದಳು. ಆದರೆ ಅವರಲ್ಲಿ ಬಸುರಿಯೊಬ್ಬಳು ಎದ್ದು ಬೇಳೆಯ ಕೊಪ್ಪರಿಗೆಯ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿ ದಲೀಪ್ ಕೌರ್ ಹಿಡಿದಳು. ಆಮೇಲೆ ಉಳಿದವರೂ ಎದ್ದರು. ಹತ್ತು ಗಂಟೆಯ ಹೊತ್ತಿಗೆ ಒಲೆ, ರೊಟ್ಟಿಯ ಬುಟ್ಟಿ, ಚಾಪೆಗಳೆಲ್ಲ ಕೋಟೆಯ ಹೊರಗೆ ಬೀಟೆ ಮರಗಳ ಕೆಳಗೆ ಬಂದವು.

ಸರಪಂಚ ಬಂದು ಕೂಗಾಡಿದ. "ಇನ್ನೂರು ವರ್ಷದ ಪದ್ಧತಿ! ಒಬ್ಬಳು ಹೆಂಗಸು ಬಂದು ಎತ್ತಿ ಹೊರಗೆ ಹಾಕೋದಾ? ಮಾಸ್ಟರ್‌ಜಿ, ನಿಮ್ಮ ಮನೆಯವರಿಗೆ ನೀವಾದರೂ ಹೇಳಿ. ಗೋಡೆಗೆ ಏನಾಗಿದೆ? ನೀವು ಅಳೆದವರಲ್ಲವಾ?"

ಆಗತಾನೆ ಸೈಕಲ್ ಇಳಿದಿದ್ದ ಮಾಸ್ಟರು ಜನರ ನಡುವೆ ನಿಂತಿದ್ದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಹೆಂಡತಿಯ ಕಡೆ ನೋಡಿದರು. ಅವಳು ನನ್ನನ್ನು ಅವರ ಮುಂದೆ ಹಿಡಿದಳು.

"ಬೇಬೇ ಎಲ್ಲಿ?" ಎಂದು ಕೇಳಿದರು ಮಾಸ್ಟರು.

ಈ ಕೂಗಾಟದಲ್ಲಿ ಅವಳನ್ನು ಎಲ್ಲರೂ ಮರೆತಿದ್ದರು. ಬಚನೋ ಬೇಬೇ ಒಳಗೇ ಇದ್ದಳು, ಬಾಬಾನ ಕೋಣೆಯಲ್ಲಿ, ದೀಪ ತೊಳೆಯುತ್ತಾ. ಕರೆಯಲು ಹೋದವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳಂತೆ.

ಮಾಸ್ಟರು ಅಂಗಳಕ್ಕೆ ನಡೆದರು. ದಲೀಪ್ ಕೌರ್ ಹಿಂದೆಯೇ ಬಂದಳು. ಕಿರುದಾರಿಯ ಬಾಗಿಲಲ್ಲಿ ಅವರು ನಿಂತು ನನ್ನ ಉಂಗುರವನ್ನು ಬೆರಳಿಗೆ ಸಿಕ್ಕಿಸಿಕೊಂಡರು.

"ನೀನು ಇಲ್ಲೇ ನಿಲ್ಲು. ಒಳಗೆ ಬರಬೇಡ."

"ಅಳತೆ ಬೇಡ ಸರ್ದಾರ್‌ಜಿ. ಮುದುಕಿಯನ್ನ ಎತ್ತಿಕೊಂಡು ಬನ್ನಿ ಸಾಕು."

"ಡಬ್ಬಿ ನಿನ್ನ ಕೈಯಲ್ಲಿದ್ದರೆ ನನಗೆ ಧೈರ್ಯ," ಎಂದು ಹೇಳಿ ಒಳಗೆ ಹೋದರು.

ನಾನು ಉದ್ದಕ್ಕೆ ಬಿಚ್ಚಿಕೊಳ್ಳುತ್ತಾ ಹೋದೆ. ನನ್ನ ಒಂದು ತುದಿ ಬಿಸಿಲಿನಲ್ಲಿ, ಇನ್ನೊಂದು ತುದಿ ಕತ್ತಲಲ್ಲಿ. ಹತ್ತು ಅಡಿ. ಇಪ್ಪತ್ತು ಅಡಿ. ಎಡಗಡೆಯ ಗೋಡೆ ನನಗೆ ಉಜ್ಜಿತು. ಅದು ನಡುಗುತ್ತಿತ್ತು, ಹಸುವಿನ ಚರ್ಮ ನೊಣ ಕೂತಾಗ ನಡುಗುವ ಹಾಗೆ. ಮೂವತ್ತು ಅಡಿ. ಕಮಾನಿನ ಕೆಳಗೆ ಬಚನೋ ಬೇಬೇ ಮೊಣಕಾಲು ಮಡಿಸಿ ಕೂತಿದ್ದಳು.

"ಬೇಬೇ, ಏಳಿ. ಗೋಡೆ ಬೀಳತ್ತೆ."

"ಗೊತ್ತು ಪುತ್ತರ್. ಮೂರು ದಿನದಿಂದ ಅದು ಮಾತಾಡ್ತಿದೆ. ರಾತ್ರಿಯೆಲ್ಲ ಕೇಳಿಸ್ಕೋತೀನಿ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಮುದುಕಿ ತಲೆ ಎತ್ತಿ ಅವರನ್ನು ನೋಡಿದಳು. ಸಿಟ್ಟಿನಿಂದಲ್ಲ. "ನಾನು ಹೇಳಿದ್ರೆ ಮುದುಕಿಗೆ ಅರಳುಮರಳು ಅಂತಿದ್ರು. ನಿನಗೂ ಗೊತ್ತಿತ್ತಲ್ಲ. ನಿನ್ನ ಕೈಯಲ್ಲಿ ಅಳತೆ ಇತ್ತು. ನೀನ್ಯಾಕೆ ಹೇಳಲಿಲ್ಲ?"

ಮಾಸ್ಟರು ಬಾಯಿ ತೆರೆದರು. ಏನು ಹೇಳಲಿದ್ದರೋ ನನಗೆ ಗೊತ್ತಿಲ್ಲ. ಬೆಳಕು ಹೋಯಿತು.

ಆ ಸದ್ದನ್ನು ನಾನು ವರ್ಣಿಸಲಾರೆ. ನನ್ನ ಮೇಲೆ ಇನ್ನೂರು ವರ್ಷದ ಭಾರ ಬಂದು ಕೂತಿತು. ಹೊರಗೆ ಧೂಳು ಬೀಟೆ ಮರಗಳ ತುದಿಯವರೆಗೂ ಎದ್ದಿತು. ಧೂಳು ಇಳಿದಾಗ ಬುರುಜು ಇರಲಿಲ್ಲ. ಊಟದ ಸಾಲು ಹಾಕಬೇಕಾಗಿದ್ದ ಅಂಗಳದ ಮೇಲೆ ಆಳೆತ್ತರಕ್ಕೆ ಇಟ್ಟಿಗೆ ಬಿದ್ದಿತ್ತು. ನಾನ್ನೂರು ಜನ ಮರದ ಕೆಳಗೆ ರೊಟ್ಟಿ ಕೈಯಲ್ಲೇ ಹಿಡಿದು ನಿಂತಿದ್ದರು.

ಧೂಳಿನಲ್ಲಿ ಬಿಳಿಯಾಗಿದ್ದ ದಲೀಪ್ ಕೌರ್ ಬಾಗಿಲ ಚೌಕಟ್ಟಿನ ಪಕ್ಕ ಬಿದ್ದಿದ್ದಳು. ಎದ್ದು ಕೂತಾಗ ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಡಬ್ಬಿ ಕೈಯಲ್ಲೇ ಇತ್ತು. ನಾನು ಅವಳ ಕೈಯಿಂದ ಹೊರಟು ಇಟ್ಟಿಗೆಯ ರಾಶಿಯೊಳಗೆ ಹೋಗಿದ್ದೆ. ಅವಳು ಮೆಲ್ಲಗೆ ಜಗ್ಗಿದಳು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿದಳು.

ಒಳಗೆ, ಕಮಾನಿನ ಕೆಳಗೆ ಮೈ ಮುದುಡಿ ಕೂರುವಷ್ಟೇ ಉಳಿದಿದ್ದ ಜಾಗದಲ್ಲಿ, ಮಾಸ್ಟರ ಬೆರಳು ಅಲುಗಿತು. ಎರಡು ಸಲ.

ಓದು.

ದಲೀಪ್ ಕೌರ್ ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿ, ಡಬ್ಬಿಯ ಬಾಯಿಯ ಹತ್ತಿರ ಕಣ್ಣಿಟ್ಟು ಓದಿದಳು. ಆಮೇಲೆ ಎದ್ದು ನಿಂತು ಕೂಗಿದಳು: "ಮೂವತ್ತೊಂದು ಅಡಿ! ಬಾಗಿಲಿಂದ ನೆಟ್ಟಗೆ ಮೂವತ್ತೊಂದು ಅಡಿಗೆ ಇದಾರೆ. ಜೀವ ಇದೆ!"

ಗಂಡಸರು ಬಾಗಿಲ ಕಡೆಯಿಂದ ಇಟ್ಟಿಗೆ ಎತ್ತಲು ಓಡಿದರು. ಅವಳು ತಡೆದಳು. ಆ ಕಡೆಯಿಂದ ಮೂವತ್ತೊಂದು ಅಡಿ ತೆಗೆಯುವಷ್ಟರಲ್ಲಿ ಎರಡು ದಿನವಾಗುತ್ತದೆ. ಕಿರುದಾರಿ ಹೊರಗೋಡೆಯ ಪಕ್ಕದಲ್ಲೇ, ಅದಕ್ಕೆ ಸಮಾನಾಂತರವಾಗಿ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಎಷ್ಟೋ ಭಾನುವಾರ ಅಳೆದಿದ್ದಳು. ಹೊರಗಿನಿಂದ, ಮಣ್ಣು ಅಗೆದು ಬುಡ ಬಯಲಾಗಿರುವ ಕಡೆಯಿಂದ ತೂತು ಕೊರೆದರೆ ನಾಲ್ಕೇ ಅಡಿ. ಆದರೆ ಹೊರಗೆ ಮೂವತ್ತೊಂದು ಅಡಿಯನ್ನು ಅಳೆಯುವುದು ಹೇಗೆ? ನಾನು ಇಟ್ಟಿಗೆಗಳ ಸಂದಿಯಲ್ಲಿ ಸಿಕ್ಕಿದ್ದೆ, ಜಗ್ಗಿದರೆ ಅಲುಗುತ್ತಿದ್ದೆ, ಹೊರಗೆ ಬರುವ ಹಾಗಿರಲಿಲ್ಲ. ನನ್ನನ್ನು ಕತ್ತರಿಸಿದರೆ ಒಳಗಿನವರ ಸುದ್ದಿ ಕಡಿದುಹೋಗುತ್ತಿತ್ತು.

ಆಗ ಸರಪಂಚ ಜಗೀರ್ ಸಿಂಗ್ ಮುಂದೆ ಬಂದ. ತಲೆಯ ಮೇಲಿನ ಪಾಗಿಗೆ ಕೈ ಹಾಕಿ ಸುತ್ತುಸುತ್ತಾಗಿ ಬಿಚ್ಚಿದ. ಪಂಜಾಬಿನ ಹಳ್ಳಿಯಲ್ಲಿ ಗಂಡಸು ನಾಲ್ಕು ಜನರ ಮುಂದೆ ಪಾಗು ಬಿಚ್ಚುವುದೆಂದರೆ ತನ್ನ ಮಾನವನ್ನೇ ನೆಲಕ್ಕಿಟ್ಟ ಹಾಗೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅದು ಸಾಲದೆ ಅವನ ತಮ್ಮನೂ ಬಿಚ್ಚಿದ. ಎರಡು ಪಾಗುಗಳನ್ನು ಗಂಟು ಹಾಕಿದರು. ದಲೀಪ್ ಕೌರ್ ಡಬ್ಬಿಯಿಂದ ನನ್ನನ್ನು ಇನ್ನೂ ಮೂವತ್ತೊಂದು ಅಡಿ ಹೊರಗೆಳೆದು ಅಂಗಳದಲ್ಲಿ ಇಟ್ಟಿಗೆ ಬೀಳದ ಕಡೆ ಚಾಚಿ, ಅದರ ಪಕ್ಕಕ್ಕೆ ಪಾಗು ಹಾಸಿ ಗುರುತಿನ ಗಂಟು ಕಟ್ಟಿದಳು. ಬಾಗಿಲಿನ ನೇರದಿಂದ ಅಳೆಯಲು ಅದನ್ನು ಹಿಡಿದು ಗಂಡಸರು ಕೋಟೆಯ ಹೊರಗೆ ಓಡಿದರು.

ಒಳಗಿನದನ್ನು ಹೇಳುತ್ತೇನೆ. ಬಚನೋ ಬೇಬೇ ಮಾಸ್ಟರ ಎದೆಗೆ ಒರಗಿದ್ದಳು. ಅವರ ಬಲಗಾಲಿನ ಮೇಲೆ ಕಮಾನಿನ ಕಲ್ಲು ಬಿದ್ದಿತ್ತು. ಬೇಬೇಗೆ ಗಾಯವೇನೂ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಚಿಕ್ಕದಾಗುತ್ತಿತ್ತು. "ದೀಪ ಆರಿತಾ?" ಎಂದು ಎರಡು ಸಲ ಕೇಳಿದಳು. "ಇಲ್ಲ ಬೇಬೇ, ಉರೀತಿದೆ," ಎಂದು ಕತ್ತಲಲ್ಲಿ ಹೇಳಿದರು ಮಾಸ್ಟರು. ಆಮೇಲೆ ಅವಳು ಕೇಳಲಿಲ್ಲ. ಹೊರಗಿನಿಂದ ಗುದ್ದಲಿಯ ಸದ್ದು ಬರುವವರೆಗೂ ಅವರು ಆ ತಲೆಯನ್ನು ಹಿಡಿದುಕೊಂಡೇ ಇದ್ದರು. ಆಗಾಗ ನನ್ನನ್ನು ಜಗ್ಗುತ್ತಿದ್ದರು. ಹೊರಗಿನಿಂದ ಅವಳು ಜಗ್ಗುತ್ತಿದ್ದಳು.

ಸಂಜೆ ಹೊತ್ತು ಮುಳುಗುವ ಮುಂಚೆ ತೂತು ಬಿತ್ತು. ಅರ್ಧ ಅಡಿಯೂ ತಪ್ಪಿರಲಿಲ್ಲ. ಮೊದಲು ಬೇಬೇಯ ಹೆಣ ತೆಗೆದರು. ಆಮೇಲೆ ಮಾಸ್ಟರನ್ನು. ಅವರನ್ನು ಎಳೆಯುವಾಗ ಕಲ್ಲಿಗೆ ಸಿಕ್ಕಿ ನನ್ನ ಮೊದಲ ನಾಲ್ಕು ಇಂಚು, ಉಂಗುರದ ಸಮೇತ, ಹರಿದು ಒಳಗೇ ಉಳಿಯಿತು.

ಮಂಚದ ಮೇಲೆ ಮಲಗಿಸಿ ಎತ್ತಿದಾಗ ಮಾಸ್ಟರು ಕೈ ಎತ್ತಿ ನಿಲ್ಲಿಸಿದರು. ಸುತ್ತ ಊರೇ ನಿಂತಿತ್ತು.

"ನನಗೆ ಗೊತ್ತಿತ್ತು," ಎಂದರು. "ಒಂದು ವರ್ಷದಿಂದ ಗೊತ್ತಿತ್ತು. ಟೇಪು ಸರಿಯಾಗೇ ಹೇಳಿತ್ತು. ನಾನು ಹೇಳಲಿಲ್ಲ."

ಜಗೀರ್ ಸಿಂಗ್ ಬರಿತಲೆಯಲ್ಲಿ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಮಾಸ್ಟರ ಬಲಗಾಲನ್ನು ಮೊಣಕಾಲಿನವರೆಗೆ ತೆಗೆದರು. ಕೋಟೆಯ ಉಳಿದದ್ದನ್ನೂ ಆ ಚಳಿಗಾಲದಲ್ಲಿ ಕೆಡವಿ ನೆಲಸಮ ಮಾಡಿದರು. ಈಗ ಅಲ್ಲಿ ಭತ್ತ ಬೆಳೆಯುತ್ತದೆ. ಮಾಸ್ಟರು ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ. ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಾ ಹನ್ನೊಂದು ವರ್ಷ ಬದುಕಿದರು. ನಾನು ಮೇಜಿನ ಮೇಲಿದ್ದರೆ ಅವರು ಬೇರೆ ಕಡೆ ತಿರುಗುತ್ತಿದ್ದರು. ಅದನ್ನು ಕಂಡು ದಲೀಪ್ ಕೌರ್ ನನ್ನನ್ನು ತನ್ನ ಬಟ್ಟೆಯ ಪೆಟ್ಟಿಗೆಯಲ್ಲಿಟ್ಟಳು.

ಅವರು ಹೋದ ಮೇಲೆ ಅವಳು ನನ್ನನ್ನು ಹೊರತೆಗೆದು ಚಮ್ಮಾರನ ಹತ್ತಿರ ಒಯ್ದು ತುದಿಗೆ ಹೊಸ ಉಂಗುರ ಹೊಲಿಸಿದಳು. ನಾನು ನಾಲ್ಕು ಇಂಚು ಕುಳ್ಳಗಾಗಿದ್ದೆ. ಓದಿದ್ದರಲ್ಲಿ ನಾಲ್ಕು ಕಳೆಯಬೇಕೆಂದು ಅವಳು ಮರೆಯುತ್ತಿರಲಿಲ್ಲ. ಬಸ್ಸು ಹತ್ತಿ, ಗಂಡನ ಪುಸ್ತಕದಲ್ಲಿ ಅಡ್ಡಗೆರೆ ಬೀಳದ ಜಾಗಗಳಿಗೆಲ್ಲ ಒಬ್ಬಳೇ ಹೋದಳು. ನಕ್ಷೆಗಲ್ಲ. ಬಿರುಕು ನೋಡುವುದಕ್ಕೆ. ನೋಡಿದ್ದನ್ನು ಅಲ್ಲಿಯೇ, ಆಗಲೇ, ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಕೆಲವರು ಕೇಳಿದರು. ಕೆಲವರು ಬಿರುಕಿನ ಮುದುಕಿ ಎಂದು ಹೆಸರಿಟ್ಟರು.

ಕೊನೆಯದು ಈ ಶಾಲೆ. ಹಳೆಯ ಹೆದ್ದಾರಿಯ ಬದಿಯ ಒಂದು ಪೇಟೆಯಲ್ಲಿ, ಯಾವುದೋ ಕಾಲದ ಸಾಹುಕಾರ ಕಟ್ಟಿಸಿದ ಹವೇಲಿಯಲ್ಲಿ ಹುಡುಗಿಯರ ಶಾಲೆ. ದೊಡ್ಡ ಕೋಣೆಯ ಛಾವಣಿಯಲ್ಲಿ ಬಣ್ಣದ ಬಳ್ಳಿ, ಕನ್ನಡಿಯ ಚೂರು. ಅದರ ಕೆಳಗೆ ಗೋಡೆಯಲ್ಲಿ ಬಿರುಕು. ಅವಳು ಅಳೆದು ಹೇಳಿದಾಗ ಮುಖ್ಯೋಪಾಧ್ಯಾಯಿನಿ ಸುದೇಶ್ ಕುಮಾರಿ ಒಂದು ಮಾತೂ ಎದುರಾಡಲಿಲ್ಲ. ಅಂದೇ ಬೆಂಚುಗಳನ್ನು ವರಾಂಡಕ್ಕೆ ಹಾಕಿಸಿದರು. ಆಮೇಲೆ ಪ್ರತಿ ವರ್ಷ ದಲೀಪ್ ಕೌರ್ ಬಂದು ಅಳೆದು, ಬಿರುಕಿನ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಅಂಕಿ ಬರೆಯುತ್ತಿದ್ದಳು. ಒಂದರ ಕೆಳಗೊಂದು ಒಂಬತ್ತು ಅಂಕಿಗಳು. ಪ್ರತಿಯೊಂದೂ ಮೇಲಿನದಕ್ಕಿಂತ ಸ್ವಲ್ಪ ದೊಡ್ಡದು. ಗೋಡೆ ಬೀಳಲಿಲ್ಲ. ಊರಿನವರು ನಗುತ್ತಿದ್ದರು. "ಬಿದ್ದಿಲ್ಲವಲ್ಲ ಅಕ್ಕಾ!" "ನಗಲಿ," ಎನ್ನುತ್ತಿದ್ದಳು ಅವಳು. "ನಗೋದಕ್ಕೆ ಜೀವಂತ ಇದಾರಲ್ಲ."

ನಡೆಯಲಾಗದ ವರ್ಷ ಬಂದಾಗ ನನ್ನನ್ನು ಸುದೇಶ್ ಕುಮಾರಿಯವರ ಕೈಗೆ ಕೊಟ್ಟಳು. ಅವರು ಬಿರುಕಿನ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದರು. ಅದೇ ಚಳಿಗಾಲದಲ್ಲಿ ದಲೀಪ್ ಕೌರ್ ತೀರಿಕೊಂಡಳು. ಸುದೇಶ್ ಕುಮಾರಿಯವರಿಗೆ ವರ್ಗವಾಯಿತು.

ನಾಲ್ಕು ವರ್ಷದಿಂದ ನನ್ನನ್ನು ಯಾರೂ ಮುಟ್ಟಿಲ್ಲ. ಹೊಸದಾಗಿ ಬಂದವರು ಬಿರುಕಿಗೆ ಸಿಮೆಂಟು ಮೆತ್ತಿಸಿ, ಗೋಡೆಗೆಲ್ಲ ಸುಣ್ಣ ಹೊಡೆಸಿದರು. ಅವಳ ಒಂಬತ್ತು ಅಂಕಿಗಳು ಸುಣ್ಣದಡಿ ಹೋದವು. ಕೋಣೆ ಮದುವೆ ಮನೆಯ ಹಾಗೆ ಬೆಳ್ಳಗಾಯಿತು. ಇಷ್ಟು ಒಳ್ಳೆಯ ಕೋಣೆ ಖಾ‌ಲಿ ಯಾಕೆ ಎಂದು ಹೋದ ತಿಂಗಳು ಬೆಂಚುಗಳನ್ನು ಮತ್ತೆ ಒಳಗೆ ತಂದರು. ಮೂವತ್ತೆಂಟು ಹುಡುಗಿಯರು. ಬೆಳಗಿನ ಹೊತ್ತು ಮಗ್ಗಿ ಹೇಳುತ್ತಾರೆ, ದನಿಗೆ ಛಾವಣಿಯ ಕನ್ನಡಿಗಳು ಅದುರುತ್ತವೆ.

ಮೊನ್ನೆ ಆ ಹೊಸ ಸುಣ್ಣದ ಮೇಲೆ ಕೂದಲೆಳೆಯಂಥ ಒಂದು ಗೆರೆ ಕಾಣಿಸಿತು. ಮೂರನೆಯ ಬೆಂಚಿನ ಹುಡುಗಿಯೊಬ್ಬಳ ಪುಸ್ತಕದ ಮೇಲೆ ನಿನ್ನೆ ಚಿಟಿಕೆಯಷ್ಟು ಮಣ್ಣು ಉದುರಿತು. ಅವಳು ಊದಿ ಹಾರಿಸಿ ಮುಂದಿನ ಸಾಲು ಓದಿದಳು.

ನಾನು ಇಷ್ಟು ವರ್ಷ ಬದುಕಿ ಕಂಡದ್ದು ಒಂದೇ. ನನ್ನ ಕೈಗುಣ ಕೆಟ್ಟದ್ದಾಗಿರಲಿಲ್ಲ. ನಾನು ಅಳೆದದ್ದಕ್ಕೆ ಯಾವ ಗೋಡೆಯೂ ಬೀಳಲಿಲ್ಲ. ಗೋಡೆಗಳು ತಮ್ಮ ವಿಷಯವನ್ನು ಹೇಳುತ್ತಲೇ ಇರುತ್ತವೆ, ನಾನು ಅದನ್ನು ಅಂಕಿಯಲ್ಲಿ ತೋರಿಸಬಲ್ಲೆ, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವುದು ಮನುಷ್ಯರ ಕೆಲಸ. ನನಗೆ ಬಾಯಿಲ್ಲ.

ಈ ಕೋಣೆಗೆ ಯಾರಾದರೂ ಬಂದರೆ ಬಾಗಿಲಿನ ಎಡಗಡೆ ನೋಡಲಿ. ಮೊಳೆ ಬಹಳ ಎತ್ತರದಲ್ಲಿಲ್ಲ. ಕೈ ಚಾಚಿದರೆ ನಾನು ಸಿಗುತ್ತೇನೆ.